ಆಂಪ್ ಸೌಂಡ್ ಚೆನ್ನಾಗಿದೆ, ಕ್ಯಾಪ್ಚರ್ ಯಾಕೆ ಕೆಡುತ್ತಿದೆ? ಕೊಡಗಿನ ಗಿಟಾರ್ ವಾದಕರಿಗೊಂದು ದೋಷ ನಿವಾರಣೆ ಕೈಪಿಡಿ

ವಾಲ್ವ್ (ಗಾಜಿನ ಟ್ಯೂಬ್) ಆಂಪ್ ಹೊತ್ತುಕೊಂಡು ಮಡಿಕೇರಿಯಿಂದ ಗೋಣಿಕೊಪ್ಪಕ್ಕೋ ಕುಶಾಲನಗರಕ್ಕೋ ಕಾರ್ಯಕ್ರಮಕ್ಕೆ ಹೋಗುವುದು ಯಾರಿಗೆ ಬೇಕು ಹೇಳಿ? ತೂಕ ಜಾಸ್ತಿ. ತಿರುವು ರಸ್ತೆಯ ಕುಲುಕಾಟ ವಾಲ್ವ್‌ಗಳಿಗೆ ಒಳ್ಳೆಯದಲ್ಲ. ಮಳೆ ಬೇರೆ. ಹಾಗಾಗಿ ಸೌಂಡ್ ಅನ್ನು ಮಾತ್ರ ಕ್ಯಾಪ್ಚರ್ ಮಾಡಿಕೊಂಡು ಆಂಪ್ ಅನ್ನು ಮನೆಯಲ್ಲೇ ಬಿಟ್ಟು ಹೋಗುವವರು ಜಾಸ್ತಿ ಆಗಿದ್ದಾರೆ. ಕೆಂಪರ್ ಪ್ರೊಫೈಲರ್, ನ್ಯೂರಲ್ ಡಿಎಸ್‌ಪಿಯ ಕ್ವಾಡ್ ಕಾರ್ಟೆಕ್ಸ್, ಐಕೆ ಮಲ್ಟಿಮೀಡಿಯಾದ ಟೋನೆಕ್ಸ್, ಕಂಪ್ಯೂಟರ್‌ಗೆ ಉಚಿತವಾಗಿ ಸಿಗುವ ನ್ಯೂರಲ್ ಆಂಪ್ ಮಾಡೆಲರ್ ಅಂದರೆ ನ್ಯಾಮ್, ಇವುಗಳ ಹೆಸರು ಬೇರೆ ಬೇರೆ, ಕೆಲಸ ಹೆಚ್ಚುಕಮ್ಮಿ ಒಂದೇ. ಆಂಪ್‌ನೊಳಗೆ ತನಗೆ ಗೊತ್ತಿರುವ ಒಂದು ಸಿಗ್ನಲ್ ಕಳಿಸುತ್ತವೆ. ಹೊರಗೆ ಬಂದದ್ದನ್ನು ಮೈಕ್ ಅಥವಾ ಲೋಡ್ ಬಾಕ್ಸ್ (ಸ್ಪೀಕರ್ ಬದಲು ಆಂಪ್‌ನ ಶಕ್ತಿ ಹೀರಿಕೊಳ್ಳುವ ಸಾಧನ) ಮೂಲಕ ವಾಪಸ್ ತೆಗೆದುಕೊಳ್ಳುತ್ತವೆ. ಒಳಗೆ ಹೋದದ್ದಕ್ಕೂ ಹೊರಗೆ ಬಂದದ್ದಕ್ಕೂ ಏನು ವ್ಯತ್ಯಾಸ ಎಂದು ಕಲಿಯುತ್ತವೆ.

ಕೆಟ್ಟ ಕ್ಯಾಪ್ಚರ್ ಬಂದಾಗ ಎಲ್ಲರೂ ಮೊದಲು ಬೈಯುವುದು ಈ ಕ್ಯಾಪ್ಚರ್ ಪೆಟ್ಟಿಗೆಯನ್ನೇ. ಆದರೆ ದೋಷ ಸಾಮಾನ್ಯವಾಗಿ ಅದಕ್ಕಿಂತ ಮುಂಚೆಯೇ ಇರುತ್ತದೆ: ಕೇಬಲ್‌ನಲ್ಲಿ, ಮೈಕ್ ಇಟ್ಟ ಜಾಗದಲ್ಲಿ, ಗೋಡೆಯ ಸಾಕೆಟ್‌ನಲ್ಲಿ. ಅದಕ್ಕೆ ಕೆಳಗಿನ ಎಲ್ಲ ಪರೀಕ್ಷೆಗೂ ಒಂದೇ ಬುಡ. ಕ್ಯಾಪ್ಚರ್ ಬಟನ್ ಒತ್ತುವ ಮೊದಲು ಹೆಡ್‌ಫೋನ್ ಹಾಕಿಕೊಂಡು, ಪೆಟ್ಟಿಗೆಗೆ ಬರುತ್ತಿರುವ ಸದ್ದನ್ನು ನೀವೇ ಕೇಳಿ. ಅಲ್ಲಿ ಚೆನ್ನಾಗಿಲ್ಲದ್ದು ಕ್ಯಾಪ್ಚರ್ ಆದ ಮೇಲೂ ಚೆನ್ನಾಗಿರುವುದಿಲ್ಲ.

ಕೈ ಹಾಕುವ ಮೊದಲು

ವಾಲ್ವ್ ಆಂಪ್ ಅನ್ನು ಸ್ಪೀಕರ್ ಅಥವಾ ಲೋಡ್ ಬಾಕ್ಸ್ ಇಲ್ಲದೆ ಆನ್ ಮಾಡಬೇಡಿ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು, ಅದು ಆಂಪ್‌ನ ಅತಿ ದುಬಾರಿ ಭಾಗಗಳಲ್ಲಿ ಒಂದು. ಲೋಡ್ ಬಾಕ್ಸ್ 8 ಓಮ್ ಇದ್ದರೆ ಆಂಪ್‌ನ 8 ಓಮ್ ಜ್ಯಾಕ್‌ಗೇ ಹಾಕಿ. ಆಂಪ್‌ನ ವ್ಯಾಟ್ ತಡೆಯುವಷ್ಟು ಶಕ್ತಿ ಅದಕ್ಕಿದೆಯಾ ಎಂದೂ ನೋಡಿಕೊಳ್ಳಿ. ಅಲ್ಲಿಗೆ ಹಾಕುವುದು ಸ್ಪೀಕರ್ ಕೇಬಲ್ ಆಗಿರಬೇಕು, ಗಿಟಾರ್ ಕೇಬಲ್ ಅಲ್ಲ. ಸ್ಪೀಕರ್ ಔಟ್ ಅನ್ನು ನೇರವಾಗಿ ಪ್ರೊಫೈಲರ್‌ಗೋ ಆಡಿಯೋ ಇಂಟರ್‌ಫೇಸ್‌ಗೋ ಚುಚ್ಚಿದರೆ ಅವು ಹಾಳಾಗುತ್ತವೆ.

ಇನ್ನೊಂದು ಮಾತು. ನಮ್ಮಲ್ಲಿ ಸೈನ್ಯದಲ್ಲೋ ಹೊರದೇಶದಲ್ಲೋ ಇರುವ ನೆಂಟರು ತಂದುಕೊಟ್ಟ ಆಂಪ್‌ಗಳು ಕಮ್ಮಿ ಇಲ್ಲ. ಹಿಂಭಾಗದ ಫಲಕ ಓದಿ. 120 ವೋಲ್ಟ್ ಎಂದಿದ್ದರೆ ಅದು ಅಮೆರಿಕದ್ದು, 100 ಎಂದಿದ್ದರೆ ಜಪಾನಿನದ್ದು. ನಮ್ಮ 230ಕ್ಕೆ ಹಾಕಿದರೆ ಕಥೆ ಮುಗಿಯಿತು. ಸರಿಯಾದ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಪ್ಲಗ್ ಮಾಡಬೇಡಿ.

"ಸಿಗ್ನಲ್ಲೇ ಬರುತ್ತಿಲ್ಲ", ಇಲ್ಲವೇ ಕೆಂಪು ದೀಪ ಆರುತ್ತಲೇ ಇಲ್ಲ

ಖರ್ಚಿಲ್ಲದ ಪರೀಕ್ಷೆ: ಗಿಟಾರ್ ಅನ್ನು ನೇರವಾಗಿ ಆಂಪ್‌ಗೆ ಹಾಕಿ ಬಾರಿಸಿ. ಸದ್ದು ಬಂದರೆ ಆಂಪ್ ಸರಿ ಇದೆ. ಆಮೇಲೆ ಒಂದೊಂದೇ ಕೇಬಲ್ ಬದಲಿಸಿ. ಕೆಂಪರ್‌ನಲ್ಲಿ ಡೈರೆಕ್ಟ್ ಔಟ್‌ಪುಟ್‌ನಿಂದ ಆಂಪ್‌ನ ಇನ್‌ಪುಟ್‌ಗೆ, ಮೈಕ್‌ನಿಂದ ರಿಟರ್ನ್ ಇನ್‌ಪುಟ್‌ಗೆ, ಇಷ್ಟೇ ದಾರಿ. ಇವೆರಡನ್ನು ಅದಲು ಬದಲು ಹಾಕುವುದು ತೀರಾ ಸಾಮಾನ್ಯ. ಕಂಡೆನ್ಸರ್ ಮೈಕ್ ಆದರೆ ಫ್ಯಾಂಟಮ್ ಪವರ್ (ಮೈಕ್ ಕೇಬಲ್ ಮೂಲಕವೇ ಹೋಗುವ ಕರೆಂಟ್) ಬೇಕು. ಎಸ್‌ಎಂ57 ತರಹದ ಡೈನಮಿಕ್ ಮೈಕ್‌ಗೆ ಬೇಡ.

ಮಳೆಗಾಲ ಕಳೆದ ಮೇಲೆ ಮೊದಲ ಬಾರಿ ಸೆಟ್ ಮಾಡುತ್ತಿದ್ದೀರಾ? ಹಾಗಾದರೆ ಜ್ಯಾಕ್‌ಗಳನ್ನು ಅನುಮಾನಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವಕ್ಕೆ ಜ್ಯಾಕ್, ವಾಲ್ಯೂಮ್ ಗುಬ್ಬಿ, ವಾಲ್ವ್ ಸಾಕೆಟ್ ಎಲ್ಲವೂ ಕಿಲುಬು ಹಿಡಿಯುತ್ತವೆ. ಲಕ್ಷಣ: ಗುಬ್ಬಿ ತಿರುಗಿಸಿದರೆ ಕರಕರ, ಕೇಬಲ್ ಅಲ್ಲಾಡಿಸಿದರೆ ಸದ್ದು ಬಂದು ಹೋಗುತ್ತದೆ. ಆಂಪ್ ಆಫ್ ಮಾಡಿ, ಪ್ಲಗ್ ಕಿತ್ತು, ಜ್ಯಾಕ್‌ಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಪಿನ್ ಅನ್ನು ಹತ್ತಿಪ್ಪತ್ತು ಸಲ ಒಳಗೆ ಹೊರಗೆ ಆಡಿಸಿ. ಎಫೆಕ್ಟ್ಸ್ ಲೂಪ್‌ನ (ಆಂಪ್‌ನ ಹಿಂದೆ ಎಫೆಕ್ಟ್ ಪೆಡಲ್ ಸೇರಿಸುವ ಜಾಗ) ರಿಟರ್ನ್ ಜ್ಯಾಕ್ ಮರೆಯಬೇಡಿ. ಏನೂ ಚುಚ್ಚದಿದ್ದರೂ ಹಲವು ಆಂಪ್‌ಗಳಲ್ಲಿ ಸಿಗ್ನಲ್ ಅದರ ಒಳಗಿನ ಸ್ವಿಚ್ ಮೂಲಕವೇ ಹಾದುಹೋಗುತ್ತದೆ.

ಪೆಟ್ಟಿಗೆಯಲ್ಲಿ ಕೆಂಪು ದೀಪ (ಒಳಬರುವ ಸಿಗ್ನಲ್ ಅತಿಯಾಗಿದೆ ಎಂಬ ಸೂಚನೆ) ಹತ್ತಿದರೆ ಪೆಟ್ಟಿಗೆಯ ರಿಟರ್ನ್ ಲೆವೆಲ್ ಕಮ್ಮಿ ಮಾಡಿ. ಆಂಪ್‌ನ ವಾಲ್ಯೂಮ್ ಮುಟ್ಟಬೇಡಿ, ಮುಟ್ಟಿದರೆ ಟೋನ್ ಬದಲಾಗುತ್ತದೆ.

ಗುಂಯ್ ಎನ್ನುವ ಸದ್ದು ಕ್ಯಾಪ್ಚರ್‌ನೊಳಗೆ ಕೂತಿದೆ

ಕೊಡಗಿನಲ್ಲಿ ಅತಿ ಹೆಚ್ಚು ಸಮಯ ತಿನ್ನುವ ದೋಷ ಇದು. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಮೊದಲು ಸದ್ದು ಯಾವುದೆಂದು ಗುರುತಿಸಿ. ಇದಕ್ಕೆ ಮೀಟರ್ ಬೇಡ, ಗಿಟಾರ್ ಸಾಕು. ದಪ್ಪ ತಂತಿಯ, ಅಂದರೆ ಆರನೇ ತಂತಿಯ, ಮೂರನೇ ಫ್ರೆಟ್ ಒತ್ತಿ ಬಾರಿಸಿ. ಆ ಸ್ವರ 98 ಹರ್ಟ್ಸ್. ಹಮ್, ಅಂದರೆ ಈ ಗುಂಯ್ ಸದ್ದು, ಹೆಚ್ಚುಕಮ್ಮಿ ಅದೇ ಸ್ವರದಲ್ಲಿದ್ದರೆ ಅದು 100 ಹರ್ಟ್ಸ್. ಅದಕ್ಕಿಂತ ಒಂದು ಆಕ್ಟೇವ್ ಕೆಳಗಿದ್ದರೆ 50 ಹರ್ಟ್ಸ್. ನಮ್ಮ ಕರೆಂಟ್ ಬರುವುದು 50 ಹರ್ಟ್ಸ್‌ನಲ್ಲಿ. ಹಾಗಾಗಿ 50ರ ಹಮ್ ಸಾಮಾನ್ಯವಾಗಿ ಹೊರಗಿನಿಂದ ಬಂದದ್ದು: ಗ್ರೌಂಡ್ ಲೂಪ್ (ಉಪಕರಣಗಳು ಎರಡು ದಾರಿಯಿಂದ ಅರ್ಥ್‌ಗೆ ಸೇರಿ ಆಗುವ ಸುತ್ತು), ಕೆಟ್ಟ ಕೇಬಲ್, ಪಕ್ಕದಲ್ಲಿರುವ ಟ್ರಾನ್ಸ್‌ಫಾರ್ಮರ್. ಆಂಪ್‌ನ ರೆಕ್ಟಿಫೈಯರ್ ದಾಟಿದ ಮೇಲೆ ಅದೇ ಕರೆಂಟ್‌ನ ಏರಿಳಿತ 100 ಆಗುತ್ತದೆ. ಹಾಗಾಗಿ 100ರ ಹಮ್ ಕೇಳಿದರೆ, ಅದರಲ್ಲೂ ಗಿಟಾರ್ ಕಿತ್ತು ವಾಲ್ಯೂಮ್ ಸೊನ್ನೆಗೆ ಇಳಿಸಿದರೂ ಅದು ಉಳಿದರೆ, ಆಂಪ್‌ನ ಫಿಲ್ಟರ್ ಕೆಪಾಸಿಟರ್‌ಗಳಿಗೆ ವಯಸ್ಸಾಗಿದೆ ಎಂದು ಅನುಮಾನ ಪಡಬೇಕು. ಅದು ಮನೆಯಲ್ಲಿ ಮಾಡುವ ರಿಪೇರಿ ಅಲ್ಲ. ಒಳಗೆ 400 ವೋಲ್ಟ್‌ಗೂ ಜಾಸ್ತಿ ಇರಬಹುದು, ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ನಲ್ಲಿ ಉಳಿದಿರುತ್ತದೆ.

50ರ ಹಮ್ ಆದರೆ ಹೀಗೆ ಮಾಡಿ. ಆಂಪ್, ಪ್ರೊಫೈಲರ್, ಕಂಪ್ಯೂಟರ್ ಎಲ್ಲವನ್ನೂ ಒಂದೇ ಸಾಕೆಟ್‌ನಿಂದ, ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ನಿಂದ ಓಡಿಸಿ. ಲ್ಯಾಪ್‌ಟಾಪ್ ಇದ್ದರೆ ಚಾರ್ಜರ್ ಕಿತ್ತು ನೋಡಿ. ಸದ್ದು ನಿಂತರೆ ಕಾರಣ ಸಿಕ್ಕಿತು, ಬ್ಯಾಟರಿಯಲ್ಲೇ ಕ್ಯಾಪ್ಚರ್ ಮಾಡಿ. ಆಮೇಲೆ ಗ್ರೌಂಡ್ ಲಿಫ್ಟ್ (ಸಿಗ್ನಲ್ ಕೇಬಲ್‌ನ ಗ್ರೌಂಡ್ ಬಿಡಿಸುವ ಸ್ವಿಚ್) ಒತ್ತಿ, ಕೆಂಪರ್‌ನ ಡೈರೆಕ್ಟ್ ಔಟ್‌ಗೆ ಅದು ಇದೆ. ನ್ಯಾಮ್‌ಗೆ ಕ್ಯಾಪ್ಚರ್ ಮಾಡುವವರು ಇಂಟರ್‌ಫೇಸ್‌ನಿಂದ ಆಂಪ್‌ಗೆ ಹೋಗುವ ದಾರಿಯಲ್ಲಿ ಒಂದು ರೀಆಂಪ್ ಬಾಕ್ಸ್ ಹಾಕಿ. ಟ್ರಾನ್ಸ್‌ಫಾರ್ಮರ್ ಇರುವ ರೀಆಂಪ್ ಬಾಕ್ಸ್ ಎರಡೂ ಕಡೆಯ ಗ್ರೌಂಡ್ ಅನ್ನು ಬೇರ್ಪಡಿಸುತ್ತದೆ, ಲೈನ್ ಲೆವೆಲ್ ಅನ್ನು ಗಿಟಾರ್ ಲೆವೆಲ್‌ಗೂ ಇಳಿಸುತ್ತದೆ.

ಒಂದು ಉಪಾಯ ಮಾತ್ರ ಯಾರು ಹೇಳಿದರೂ ಕೇಳಬೇಡಿ: ಪ್ಲಗ್‌ನ ದಪ್ಪ ಪಿನ್ ಮುರಿಯುವುದು, ಅರ್ಥ್ ವೈರ್ ಕತ್ತರಿಸುವುದು. ಹಮ್ ಹೋಗಬಹುದು. ಆಂಪ್‌ನೊಳಗೆ ಏನಾದರೂ ಕೆಟ್ಟ ದಿನ ಆ ಕರೆಂಟ್ ನಿಮ್ಮ ಗಿಟಾರ್ ತಂತಿಗೇ ಬರುತ್ತದೆ.

ಹಳೆಯ ತೋಟದ ಮನೆಗಳಲ್ಲಿ ಅರ್ಥಿಂಗ್ ಹೆಸರಿಗಷ್ಟೇ ಇರುವುದುಂಟು. ಮೂರು ತೂತಿನ ಸಾಕೆಟ್ ಇದೆ ಎಂದ ಮಾತ್ರಕ್ಕೆ ಹಿಂದೆ ವೈರ್ ಇದೆ ಎಂದಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ಮಣ್ಣು ಒಣಗಿದಾಗ ಇದ್ದ ಅರ್ಥಿಂಗ್ ಕೂಡ ದುರ್ಬಲ ಆಗುತ್ತದೆ. ಅರ್ಥ್ ಗುಂಡಿಗೆ ಎರಡು ಕೊಡ ನೀರು ಸುರಿದು ನೋಡುವುದು ಅತಿ ಅಗ್ಗದ ಪರೀಕ್ಷೆ. ಹಮ್ ಕಮ್ಮಿ ಆದರೆ ಎಲೆಕ್ಟ್ರಿಷಿಯನ್ ಕರೆದು ಗುಂಡಿ ಸರಿ ಮಾಡಿಸಿ. ಅವರು ಫೇಸ್‌ನಿಂದ ಅರ್ಥ್‌ಗೆ ಅಳೆದಾಗ, ಫೇಸ್‌ನಿಂದ ನ್ಯೂಟ್ರಲ್‌ಗೆ ಬಂದಷ್ಟೇ ವೋಲ್ಟ್ ಹತ್ತಿರ ಹತ್ತಿರ ಬರಬೇಕು. ತುಂಬಾ ಕಮ್ಮಿ ಬಂದರೆ ಅರ್ಥಿಂಗ್ ಸರಿ ಇಲ್ಲ.

ಗುಂಯ್ ಬದಲು ಜುರ್ರ್ ಎಂದು ಗರಗಸದ ತರಹ ಕೇಳುತ್ತಿದೆಯಾ? ಇನ್ವರ್ಟರ್ ನೋಡಿ. ಕರೆಂಟ್ ಹೋಗಿ ಇನ್ವರ್ಟರ್‌ಗೆ ಬದಲಾದದ್ದು ಹಗಲಲ್ಲಿ ಎಷ್ಟೋ ಸಲ ಗಮನಕ್ಕೇ ಬರುವುದಿಲ್ಲ. ಸ್ಕ್ವೇರ್ ವೇವ್ ಇನ್ವರ್ಟರ್‌ನಲ್ಲಿ ಆಂಪ್‌ನ ಟ್ರಾನ್ಸ್‌ಫಾರ್ಮರ್ ಕೂಡ ಬಿಸಿಯಾಗುತ್ತದೆ. ಪ್ಯೂರ್ ಸೈನ್ ವೇವ್ ಅಲ್ಲದಿದ್ದರೆ ಕರೆಂಟ್ ಬರುವ ತನಕ ಕಾಯಿರಿ. ಫ್ಯಾನ್ ರೆಗ್ಯುಲೇಟರ್, ಅಗ್ಗದ ಎಲ್‌ಇಡಿ ಬಲ್ಬ್, ಮೊಬೈಲ್ ಚಾರ್ಜರ್ ಕೂಡ ಹೀಗೇ ಮಾಡುತ್ತವೆ. ಒಂದೊಂದೇ ಆಫ್ ಮಾಡಿ ಕೇಳಿ.

ಸೆಕೆಂಡಿಗೊಂದು ಸಲ "ಟಕ್"

ಬೆಂಗಳೂರಿನವರು ಬರೆದ ಕೈಪಿಡಿಯಲ್ಲಿ ಇದು ಸಿಗಲಿಕ್ಕಿಲ್ಲ. ಗಡಿಯಾರದ ಹಾಗೆ, ಸುಮಾರು ಸೆಕೆಂಡಿಗೊಂದರಂತೆ ಟಕ್, ಟಕ್ ಎಂದು ಬರುತ್ತಿದ್ದರೆ ಅದು ಆನೆಗೆ ಹಾಕಿದ ಸೋಲಾರ್ ಬೇಲಿ ಇರಬಹುದು. ಬೇಲಿಯ ಎನರ್ಜೈಸರ್ ತಂತಿಗೆ ಹೈ ವೋಲ್ಟೇಜನ್ನು ಒಂದೇ ಸಮನೆ ಬಿಡುವುದಿಲ್ಲ, ಕ್ಷಣ ಮಾತ್ರದ ಏಟು ಏಟಾಗಿ ಬಿಡುತ್ತದೆ. ಬಳ್ಳಿ, ಹಸಿ ಹುಲ್ಲು ತಂತಿಗೆ ತಾಗಿ ಕಿಡಿ ಹಾರುತ್ತಿದ್ದರೆ ಈ ಸದ್ದು ಇನ್ನೂ ಜಾಸ್ತಿ. ಗಿಟಾರ್‌ನ ಸಿಂಗಲ್ ಕಾಯಿಲ್ ಪಿಕಪ್, ಉದ್ದದ ಕೇಬಲ್‌ಗಳು ಅದನ್ನು ಹಿಡಿದುಕೊಳ್ಳುತ್ತವೆ.

ಹಗಲು ಹೊತ್ತಿನಲ್ಲಿ ಬೇಲಿ ನೋಡಿಕೊಳ್ಳುವವರಿಗೆ ಹೇಳಿ ಸ್ವಲ್ಪ ಹೊತ್ತು ಆಫ್ ಮಾಡಿಸಿ ಕೇಳಿ. ಟಕ್ ನಿಂತರೆ ಅದೇ. ನೀವೇ ಹೋಗಿ ತಂತಿ ಮುಟ್ಟಬೇಡಿ. ಬೇಲಿಯ ಅರ್ಥ್ ರಾಡ್ ಅನ್ನು ಮನೆಯ ಅರ್ಥಿಂಗ್‌ಗೆ ಸೇರಿಸಿದ್ದರೆ ಎಲೆಕ್ಟ್ರಿಷಿಯನ್‌ನಿಂದ ಬೇರೆ ಮಾಡಿಸಿ. ಕೆಲಸ ಮುಗಿದ ಮೇಲೆ ಬೇಲಿ ಆನ್ ಆಯಿತಾ ಎಂದು ಕೇಳಿ ತಿಳಿದುಕೊಳ್ಳಿ. ಆನೆಗೆ ನಮ್ಮ ರೆಕಾರ್ಡಿಂಗ್ ಟೈಮ್ ಗೊತ್ತಿರುವುದಿಲ್ಲ.

ಟಿಕಿ-ಟಿಕಿ-ಟಿಕಿ ಎಂದು ವೇಗವಾಗಿ ಬಂದು ನಿಲ್ಲುವ ಸದ್ದು ಮೊಬೈಲ್‌ನದ್ದು. ನೆಟ್‌ವರ್ಕ್ ಕಮ್ಮಿ ಇರುವ ಕಡೆ ಫೋನ್ ಹೆಚ್ಚು ಶಕ್ತಿ ಹಾಕಿ ಟವರ್ ಹುಡುಕುತ್ತದೆ. ಪಕ್ಕದ ಕೋಣೆಗೆ ಇಟ್ಟು ಬನ್ನಿ.

ಸೌಂಡ್ ತೆಳು, ಡಬ್ಬಿಯೊಳಗಿಂದ ಬಂದಂತಿದೆ

ಎರಡು ಮೈಕ್ ಇಟ್ಟಿದ್ದರೆ ಒಂದನ್ನು ಮ್ಯೂಟ್ ಮಾಡಿ. ಒಂದೇ ಮೈಕ್‌ನಲ್ಲಿ ದಪ್ಪಗೆ ಕೇಳಿ, ಎರಡೂ ಸೇರಿದಾಗ ತೆಳ್ಳಗಾದರೆ ಅದು ಫೇಸ್ ಸಮಸ್ಯೆ (ಕರೆಂಟ್‌ನ ಫೇಸ್ ಅಲ್ಲ, ಒಂದೇ ಸದ್ದು ಎರಡು ಮೈಕ್‌ಗೆ ಬೇರೆ ಬೇರೆ ಹೊತ್ತಿಗೆ ತಲುಪುವುದು). ಸದ್ದು 34 ಸೆಂಟಿಮೀಟರ್ ದಾಟಲು ಸುಮಾರು 1 ಮಿಲಿಸೆಕೆಂಡ್ ಬೇಕು. ಎರಡನೇ ಮೈಕ್ ಒಂದು ಗೇಣು ಹಿಂದಿದ್ದರೂ ಕೆಲವು ಸ್ವರಗಳು ಪರಸ್ಪರ ಅಳಿಸಿಕೊಳ್ಳುತ್ತವೆ. ಎರಡನ್ನೂ ಸ್ಪೀಕರ್‌ನಿಂದ ಒಂದೇ ದೂರಕ್ಕೆ ತನ್ನಿ, ಇಲ್ಲವೇ ಒಂದನ್ನು ತೆಗೆದುಬಿಡಿ. ನನ್ನ ಕೇಳಿದರೆ, ಮೊದಲ ಕ್ಯಾಪ್ಚರ್‌ಗಳಿಗೆ ಎರಡನೇ ಮೈಕ್ ಸುಮ್ನೆ ತಲೆನೋವು.

ಒಂದೇ ಮೈಕ್ ಇದ್ದೂ ತೆಳ್ಳಗಿದ್ದರೆ ಜಾಗ ನೋಡಿ. ಸ್ಪೀಕರ್‌ನ ನಡುವಿನ ಟೋಪಿಗೆ ನೇರವಾಗಿ ಇಟ್ಟರೆ ಚೂಪು, ಅಂಚಿನ ಕಡೆ ಸರಿದಷ್ಟೂ ಮಬ್ಬು. ಎರಡು ಸೆಂಟಿಮೀಟರ್ ಸರಿಸುವುದು ಆಂಪ್‌ನ ಟ್ರೆಬಲ್ ಗುಬ್ಬಿ ತಿರುಗಿಸಿದ್ದಕ್ಕಿಂತ ಹೆಚ್ಚು ವ್ಯತ್ಯಾಸ ಮಾಡುತ್ತದೆ. ಬಟ್ಟೆಗೆ ಮೈಕ್ ತಾಗದಿರಲಿ.

ಕ್ಯಾಪ್ಚರ್ ಹೆಡ್‌ಫೋನ್‌ನಲ್ಲಿ ಚೆನ್ನಾಗಿದ್ದು, ಗಿಟಾರ್ ಕ್ಯಾಬ್‌ಗೆ (ಗಿಟಾರ್‌ನ ಸ್ಪೀಕರ್ ಪೆಟ್ಟಿಗೆಗೆ) ಹಾಕಿದಾಗ ಮಾತ್ರ ಕಂಬಳಿ ಹೊದ್ದಂತೆ ಕೇಳಿದರೆ ದೋಷ ಕ್ಯಾಪ್ಚರ್‌ನದ್ದಲ್ಲ. ಅದರೊಳಗೆ ಆಗಲೇ ಒಂದು ಕ್ಯಾಬ್, ಒಂದು ಮೈಕ್ ಇದೆ. ನೀವು ಇನ್ನೊಂದು ಕ್ಯಾಬ್ ಸೇರಿಸುತ್ತಿದ್ದೀರಿ. ಕ್ಯಾಪ್ಚರ್ ಪೆಟ್ಟಿಗೆಯಲ್ಲಿ ಕ್ಯಾಬ್ ಭಾಗವನ್ನು ಬೇರೆಯಾಗಿ ಆಫ್ ಮಾಡಲು ಬಂದರೆ ಆಫ್ ಮಾಡಿ, ಅಥವಾ ಫುಲ್ ರೇಂಜ್ ಸ್ಪೀಕರ್ ಬಳಸಿ. ಕ್ಯಾಬ್ ಪೂರ್ತಿ ಬೇಡವಾದರೆ ಆಂಪ್‌ಗೂ ಸ್ಪೀಕರ್‌ಗೂ ನಡುವೆ, ಸ್ಪೀಕರ್ ಲೆವೆಲ್ ತಡೆಯುವ ಡಿಐ ಬಾಕ್ಸ್ (ಮೈಕ್ ಇಲ್ಲದೆ ಸಿಗ್ನಲ್ ತೆಗೆದುಕೊಳ್ಳುವ ಸಾಧನ) ಹಾಕಿ ಕ್ಯಾಪ್ಚರ್ ಮಾಡಿ. ಶೀಟ್ ಛಾವಣಿಯ ಕೆಳಗೆ ಜುಲೈನಲ್ಲಿ ಕೆಲಸ ಮಾಡುವವರಿಗೂ ಇದೇ ದಾರಿ ಒಳ್ಳೆಯದು, ಮಳೆಯ ಸದ್ದು ಒಳಗೆ ಬರುವುದಿಲ್ಲ.

"ನನ್ನ ಆಂಪ್‌ನ ತರಹ ಇಲ್ಲ"

ಕೋಣೆಯಲ್ಲಿ ನಿಂತು ಕೇಳಿದ್ದನ್ನು ಕ್ಯಾಪ್ಚರ್‌ಗೆ ಹೋಲಿಸಬೇಡಿ. ನಿಮ್ಮ ಕಿವಿ ಸ್ಪೀಕರ್‌ನಿಂದ ಐದಾರು ಅಡಿ ದೂರ, ಮೇಲೆ ಇರುತ್ತದೆ. ಮೈಕ್ ಎರಡು ಬೆರಳು ದೂರ ಇರುತ್ತದೆ. ಹೋಲಿಸಬೇಕಾದದ್ದು ಮೈಕ್‌ನಿಂದ ಬರುವ ನಿಜವಾದ ಸದ್ದು ಮತ್ತು ಕ್ಯಾಪ್ಚರ್, ಎರಡೂ ಒಂದೇ ಹೆಡ್‌ಫೋನ್‌ನಲ್ಲಿ, ಒಂದೇ ವಾಲ್ಯೂಮ್‌ನಲ್ಲಿ. ವಾಲ್ಯೂಮ್ ಕಮ್ಮಿ ಇದ್ದಾಗ ನಮ್ಮ ಕಿವಿಗೆ ಬೇಸ್ ಕಮ್ಮಿ ಕೇಳುತ್ತದೆ. ಸ್ವಲ್ಪ ಜೋರಾಗಿರುವುದೇ ಯಾವಾಗಲೂ ಚೆನ್ನಾಗಿ ಕೇಳುತ್ತದೆ. ಅಲ್ಲೇ ಅರ್ಧ ದೂರುಗಳು ಮುಗಿಯುತ್ತವೆ.

ಹಾಗೆ ಹೋಲಿಸಿದ ಮೇಲೂ ವ್ಯತ್ಯಾಸ ಇದ್ದರೆ ಯಾವ ತರಹದ ವ್ಯತ್ಯಾಸ ಎಂದು ಕೇಳಿ. ಟೋನ್ ಸರಿ ಇದ್ದು ಡಿಸ್ಟಾರ್ಷನ್ ಮಾತ್ರ ಜಾಸ್ತಿ ಅಥವಾ ಕಮ್ಮಿ ಎನಿಸಿದರೆ ಲೆವೆಲ್ ತಪ್ಪಿದೆ. ಪೆಟ್ಟಿಗೆಯ ಮೂಲಕ ಬಾರಿಸಿದಾಗ ಆಂಪ್‌ನ ಸದ್ದು ಒಡೆಯುವುದೂ (ಡಿಸ್ಟಾರ್ಟ್ ಆಗುವುದೂ), ಗಿಟಾರ್ ನೇರವಾಗಿ ಚುಚ್ಚಿದಾಗ ಒಡೆಯುವುದೂ ಒಂದೇ ಸಮ ಇರಬೇಕು. ಇಂಟರ್‌ಫೇಸ್ ಬಳಸುವವರು ರೀಆಂಪ್ ಬಾಕ್ಸ್‌ನ ಗುಬ್ಬಿ ತಿರುಗಿಸಿ ಇದನ್ನು ಹೊಂದಿಸಬೇಕು. ಆಮೇಲೆ ಬಾರಿಸುವಾಗಲೂ ಇನ್‌ಪುಟ್ ಗೇನ್ ಹಾಗೇ ಇರಲಿ.

ಕೆಂಪರ್‌ನಲ್ಲಿ ಡಿಸ್ಟಾರ್ಷನ್ ಇರುವ ಆಂಪ್‌ಗೆ ರಿಫೈನ್ ಹಂತ (ನೀವೇ ಬಾರಿಸಿ ಕ್ಯಾಪ್ಚರ್ ಅನ್ನು ತಿದ್ದುವ ಹಂತ) ಬಿಡಬೇಡಿ. ಅಲ್ಲಿ ಸೋಲೋ ನುಡಿಸಿ ಮೆರೆಯುವುದು ಬೇಡ. ಪೂರ್ತಿ ಕಾರ್ಡ್‌ಗಳನ್ನು ಜೋರಾಗಿ ಹೊಡೆದು ಮೊಳಗಲು ಬಿಡಿ, ಪಾಮ್ ಮ್ಯೂಟ್ (ಅಂಗೈಯಿಂದ ತಂತಿ ಅದುಮಿ ಬಾರಿಸುವುದು) ಬೇಡ.

ಇನ್ನು ರಿವರ್ಬ್, ಡಿಲೇ, ಕೋರಸ್, ಟ್ರೆಮೊಲೊ ಯಾವುದೇ ಆನ್ ಇದ್ದರೆ ಕ್ಯಾಪ್ಚರ್ ಕೆಟ್ಟೇ ಕೆಡುತ್ತದೆ. ಈ ವಿಧಾನ ಹಿಡಿಯುವುದು ಆಂಪ್ ಆ ಗಳಿಗೆಯಲ್ಲಿ ಸದ್ದನ್ನು ಹೇಗೆ ಒಡೆಯುತ್ತದೆ, ಹೇಗೆ ಸೋಸುತ್ತದೆ ಎಂಬುದನ್ನು. ಹೊತ್ತಿನ ಜೊತೆ ತೇಲುವ ಎಫೆಕ್ಟ್‌ಗಳನ್ನು ಅಲ್ಲ. ನಾಯ್ಸ್ ಗೇಟ್ (ಸಣ್ಣ ಸದ್ದನ್ನು ತಾನೇ ಮುಚ್ಚುವ ಎಫೆಕ್ಟ್) ಕೂಡ ಆಫ್ ಮಾಡಿ.

ನ್ಯಾಮ್ ಟ್ರೈನಿಂಗ್ ನಿಲ್ಲುತ್ತದೆ, ಇಲ್ಲವೇ ಇಎಸ್‌ಆರ್ ಜಾಸ್ತಿ ಬರುತ್ತದೆ

ಇಎಸ್‌ಆರ್ ಅಂದರೆ ಮಾಡೆಲ್ ಎಷ್ಟು ತಪ್ಪಿದೆ ಎಂಬ ಲೆಕ್ಕ, ಕಮ್ಮಿ ಇದ್ದಷ್ಟೂ ಒಳ್ಳೆಯದು. 0.01ಕ್ಕಿಂತ ಕೆಳಗಿದ್ದರೆ ಬಹಳ ಚೆನ್ನ. 0.035ರವರೆಗೆ ಪರವಾಗಿಲ್ಲ. 0.1 ದಾಟಿದರೆ ಮತ್ತೆ ರೆಕಾರ್ಡ್ ಮಾಡುವುದೇ ವಾಸಿ. ಆದರೆ ತುಂಬಾ ಗೇನ್ ಇರುವ ಆಂಪ್‌ಗೆ ಈ ಸಂಖ್ಯೆ ಸ್ವಲ್ಪ ಜಾಸ್ತಿಯೇ ಬರುತ್ತದೆ. ಸಂಖ್ಯೆ ನೋಡಿ ಬೇಜಾರಾಗುವ ಮೊದಲು ಕೇಳಿ ನೋಡಿ.

ಟ್ರೈನಿಂಗ್ (ರೆಕಾರ್ಡಿಂಗ್‌ನಿಂದ ನ್ಯಾಮ್ ಕಲಿಯುವ ಹಂತ) ಶುರುವಾಗುವ ಮುಂಚೆಯೇ ನಿಂತರೆ ನೀವು ರೆಕಾರ್ಡ್ ಮಾಡಿದ ಫೈಲ್ ನೋಡಿ: 48 ಕಿಲೋಹರ್ಟ್ಸ್, 24 ಬಿಟ್, ಮೋನೊ. ನ್ಯಾಮ್ ಕೊಟ್ಟ ಇನ್‌ಪುಟ್ ಫೈಲ್‌ನಷ್ಟೇ ಉದ್ದ ಇರಬೇಕು, ಮುಂದೆ ಹಿಂದೆ ಕತ್ತರಿಸಬಾರದು. ಶುರುವಿನಲ್ಲಿರುವ ಚಿಕ್ಕ ಟಿಕ್‌ಗಳಿಂದಲೇ ಪ್ರೋಗ್ರಾಂ ತಡವನ್ನು ಅಳೆಯುತ್ತದೆ. ಅವನ್ನು ಹಮ್ ಮುಚ್ಚಿಹಾಕಿದರೆ ಲೆಕ್ಕ ತಪ್ಪುತ್ತದೆ, ಹಾಗಾದಾಗ ಹಮ್ ಭಾಗಕ್ಕೆ ವಾಪಸ್ ಹೋಗಿ. ಫೈಲ್‌ನ ಮೊದಲ ಭಾಗ, ಕೊನೆಯ ಭಾಗ ಹೊಂದುತ್ತಿಲ್ಲ ಎಂದು ಹೇಳಿದರೆ ಎಲ್ಲೋ ರಿವರ್ಬ್ ಅಥವಾ ಗೇಟ್ ಉಳಿದಿದೆ. ಇಲ್ಲವೇ ರೆಕಾರ್ಡಿಂಗ್ ನಡೆಯುವ ಸುಮಾರು ಮೂರು ನಿಮಿಷದಲ್ಲಿ ಆಂಪ್‌ನ ಸೌಂಡೇ ಬದಲಾಗಿದೆ.

ಒಂದೇ ಸೆಟ್ಟಿಂಗ್, ಬೆಳಗ್ಗೆ ಒಂದು ಸೌಂಡ್, ಸಂಜೆ ಒಂದು

ವಾಲ್ವ್‌ಗಳಿಗೆ ಅರ್ಧ ಗಂಟೆ ಬಿಸಿಯಾಗಲು ಬಿಡಿ. ಅದಾದ ಮೇಲೂ ಹೀಗೇ ಆದರೆ ವೋಲ್ಟೇಜ್ ನೋಡಿ. ಸಾಕೆಟ್‌ಗೆ ಚುಚ್ಚುವ ಡಿಜಿಟಲ್ ವೋಲ್ಟ್ ಮೀಟರ್ ದುಬಾರಿ ಅಲ್ಲ. 230 ಇರಬೇಕಾದ್ದು 200ಕ್ಕೆ ಇಳಿದರೆ ವಾಲ್ವ್‌ನ 6.3 ವೋಲ್ಟ್ ಹೀಟರ್‌ಗೆ ಸಿಗುವುದು ಸುಮಾರು 5.5 ಮಾತ್ರ. ಒಳಗಿನ ಹೈ ವೋಲ್ಟೇಜ್ ಕೂಡ ಅದೇ ಲೆಕ್ಕದಲ್ಲಿ ಇಳಿಯುತ್ತದೆ. ಸೌಂಡ್ ಮೆತ್ತಗಾಗುತ್ತದೆ, ಬೇಗ ಒಡೆಯುತ್ತದೆ. ಕೆಲವರಿಗೆ ಅದೇ ಇಷ್ಟ, ಆ ಮಾತು ಬೇರೆ. ಆದರೆ ಕ್ಯಾಪ್ಚರ್ ನಡುವೆ ಏರಿಳಿದರೆ ಏನೂ ಸರಿ ಬರುವುದಿಲ್ಲ.

ಕಾಫಿ ಕೊಯ್ಲಿನ ಹೊತ್ತಿನಲ್ಲಿ ಪಲ್ಪರ್ ಮೋಟಾರ್, ಫೆಬ್ರವರಿ ಮಾರ್ಚ್‌ನಲ್ಲಿ ರೋಬಸ್ಟಾ ಹೂವಿಗೆ ನೀರು ಹೊಡೆಯುವ ಪಂಪ್ ಶುರುವಾದ ಕೂಡಲೇ ದೀಪ ಮಂಕಾಗುತ್ತದಲ್ವಾ? ಆಂಪ್‌ಗೂ ಅದೇ ಗತಿ. ಪಂಪ್ ಓಡದ ಹೊತ್ತು ಆರಿಸಿಕೊಳ್ಳಿ. ಸ್ಟೆಬಿಲೈಸರ್ ಹಾಕುವುದಾದರೆ ಸರ್ವೋ ಮಾದರಿಯದ್ದು ಒಳ್ಳೆಯದು. ರಿಲೇ ಮಾದರಿಯದ್ದು ಟಕ್ಕೆಂದು ಮೆಟ್ಟಿಲು ಮೆಟ್ಟಿಲಾಗಿ ವೋಲ್ಟೇಜ್ ಬದಲಿಸುತ್ತದೆ, ಕ್ಯಾಪ್ಚರ್ ನಡುವೆಯೇ ಸೌಂಡ್ ಜಿಗಿಯುತ್ತದೆ.

ಇವು ಕಂಡರೆ ಅಲ್ಲಿಗೇ ನಿಲ್ಲಿಸಿ

ತಂತಿ ಹಿಡಿದು ಮೈಕ್‌ಗೆ ತುಟಿ ತಾಗಿಸಿದಾಗ ಚುರ್ರೆಂದರೆ ಆಟ ಬಂದ್. ಮೊದಲು ಗೋಡೆಯ ಸ್ವಿಚ್, ಆಮೇಲೆ ಪ್ಲಗ್. ಎಲೆಕ್ಟ್ರಿಷಿಯನ್ ಮನೆಯ ವೈರಿಂಗ್ ನೋಡುವ ತನಕ, ಆಂಪ್ ಅನ್ನೂ ಪರೀಕ್ಷೆ ಮಾಡಿಸುವ ತನಕ ಮತ್ತೆ ಆನ್ ಮಾಡಬೇಡಿ. ಮನೆಗೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇಲ್ಲದಿದ್ದರೆ ಅದೇ ದಿನ ಹಾಕಿಸಲು ಹೇಳಿ.

ವಾಲ್ವ್‌ನ ನಡುವೆ ಕಿತ್ತಳೆ ಬಣ್ಣದ ಸಣ್ಣ ಬೆಳಕು ಇರುವುದು ಸಹಜ. ಸುತ್ತಲಿನ ಬೂದು ಲೋಹದ ಪ್ಲೇಟೇ ಕೆಂಪಾದರೆ ತಕ್ಷಣ ಆಫ್ ಮಾಡಿ. ಸುಟ್ಟ ವಾಸನೆ, ಹೊಗೆ, ಹೊಸ ಫ್ಯೂಸ್ ಕೂಡ ಹಾರಿಹೋಗುವುದು, ಇವಕ್ಕೂ ಅದೇ ನಿಯಮ. ಹೆಚ್ಚು ಆಂಪಿಯರ್‌ನ ಫ್ಯೂಸ್ ಹಾಕಿ, ವೈರ್ ಸುತ್ತಿ ಓಡಿಸಬೇಡಿ. ಟಿವಿ ರಿಪೇರಿಯವರು ಕೈಚಳಕ ಇದ್ದವರೇ ಇರಬಹುದು. ಆದರೂ ವಾಲ್ವ್ ಸರ್ಕ್ಯೂಟ್ ಮೇಲೆ ಕೆಲಸ ಮಾಡಿ ಗೊತ್ತಿದೆಯಾ ಎಂದು ಕೇಳಿಯೇ ಕೊಡಿ. ಇಲ್ಲದಿದ್ದರೆ ಮೈಸೂರು, ಬೆಂಗಳೂರಿನಲ್ಲಿ ಅಂಥವರನ್ನು ಹುಡುಕಿ.

ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಶುರುವಾದರೆ ಕ್ಯಾಪ್ಚರ್ ಅರ್ಧಕ್ಕೇ ಇದ್ದರೂ ಎಲ್ಲ ಪ್ಲಗ್ ಕಿತ್ತುಬಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಇಂಟರ್‌ನೆಟ್ ಕೇಬಲ್ ಮೂಲಕವೂ ಸಿಡಿಲು ಬರುತ್ತದೆ, ಅದನ್ನೂ ಕಂಪ್ಯೂಟರ್‌ನಿಂದ ಬಿಡಿಸಿಡಿ. ಮೈಕ್ ಇಟ್ಟ ಜಾಗಕ್ಕೆ ನೆಲದ ಮೇಲೆ ಟೇಪ್ ಅಂಟಿಸಿ, ಆಂಪ್‌ನ ಗುಬ್ಬಿಗಳ ಫೋಟೋ ತೆಗೆದುಕೊಂಡಿದ್ದರೆ ಮಾರನೇ ದಿನ ಅಲ್ಲಿಂದಲೇ ಮುಂದುವರಿಸಬಹುದು.